ಎಚ್ ಸೊನ್ನೆಯೋ, ಅಲ್ಲವೋ? ಇನ್ನೂರು ವರ್ಷದ ಒಂದು ತಕರಾರು

ಪಕ್ಕದ ಮನೆಯ ಹುಡುಗಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಈಗ ಕಾಸರಗೋಡಿನಲ್ಲಿ ಪ್ಲಸ್ ವನ್, ಗಣಿತ ಪೂರ್ತಿ ಇಂಗ್ಲಿಷ್. ಮೊನ್ನೆ ಪುಸ್ತಕ ಹಿಡಿದುಕೊಂಡು ಬಂದಳು. "ಮಾವ, ಸೊನ್ನೆಯಿಂದ ಭಾಗಿಸ್ಲಿಕ್ಕಿಲ್ಲ ಅಂತ ಸಣ್ಣ ಕ್ಲಾಸಿನಲ್ಲೇ ಹೇಳಿಕೊಟ್ಟಿದ್ದಾರೆ. ಇಲ್ಲಿ ಒಂದು ಚೂರು ಸಂಖ್ಯೆ ಎಚ್‌ನಿಂದ ಭಾಗಿಸಿ, ಆಮೇಲೆ ಎಚ್ ಸೊನ್ನೆ ಅಂತಾರೆ. ಇದೆಂಥದು?"

ಇಂಗ್ಲಿಷ್ ಅರ್ಥವಾಗದೆ ಕೇಳಿದ ಪ್ರಶ್ನೆ ಇದಲ್ಲ. ಡೆರಿವೇಟಿವ್, ಅಂದರೆ ಒಂದು ಕ್ಷಣದಲ್ಲಿ ಏನಾದರೂ ಎಷ್ಟು ವೇಗದಲ್ಲಿ ಬದಲಾಗುತ್ತಿದೆ ಎಂಬ ಲೆಕ್ಕ, ಹುಟ್ಟಿದಾಗಿನಿಂದ ಅದರ ಬೆನ್ನು ಬಿಡದ ಪ್ರಶ್ನೆ.

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ಬಸ್ಸಿಗೆ ಒಂದೂವರೆ ಗಂಟೆ ಹಿಡಿದರೆ ಸರಾಸರಿ ವೇಗ ಗಂಟೆಗೆ 33 ಕಿ.ಮೀ. ಆದರೆ ಕುಂಬಳೆ ಪೇಟೆ ದಾಟುವ ಆ ಒಂದು ಕ್ಷಣದಲ್ಲಿ ವೇಗ ಎಷ್ಟು? ಕ್ಷಣದಲ್ಲಿ ಹೋದ ದೂರ ಸೊನ್ನೆ, ಹಿಡಿದ ಸಮಯವೂ ಸೊನ್ನೆ. ಲೆಕ್ಕ ಅಲ್ಲಿಗೇ ನಿಂತಿತು.

ಬಸ್ಸು ಬಿಡಿ, ತೋಟಕ್ಕೆ ಬನ್ನಿ. ಕಂಗಿನಿಂದ ಒಂದು ಹಣ್ಣಡಿಕೆ ಬೀಳುತ್ತದೆ. ಎಷ್ಟು ಸೆಕೆಂಡ್ ಆಯಿತೋ ಅದರ ವರ್ಗವನ್ನು 5ರಿಂದ ಗುಣಿಸಿದರೆ ಬಿದ್ದ ದೂರ ಸುಮಾರಾಗಿ ಮೀಟರಿನಲ್ಲಿ ಸಿಗುತ್ತದೆ. ಸರಿಯಾಗಿ 1 ಸೆಕೆಂಡ್ ಆದಾಗ ವೇಗ ಎಷ್ಟು? 1ರಿಂದ 1.1 ಸೆಕೆಂಡಿನವರೆಗೆ ಸರಾಸರಿ ತೆಗೆದರೆ ಸೆಕೆಂಡಿಗೆ 10.5 ಮೀಟರ್. 1.01ರವರೆಗೆ ತೆಗೆದರೆ 10.05. 1.001ರವರೆಗೆ 10.005. ಎಲ್ಲಿಗೆ ಹೊರಟಿದೆ ಅಂತ ಕಾಣುತ್ತದೆ, ಅಲ್ವಾ? ಆ ಚೂರು ಸಮಯವನ್ನು ಎಚ್ ಅಂದರೆ ಸರಾಸರಿ ವೇಗ 10 ಕೂಡಿಸು 5 ಎಚ್. ಅದರಲ್ಲಿ 10 ಉಳಿಸಿಕೊಂಡು 5 ಎಚ್ ಬಿಟ್ಟುಬಿಡುತ್ತೇವೆ. ಹುಡುಗಿಯ ಆಕ್ಷೇಪ ಇರುವುದು ಈ ಬಿಡುವುದರ ಮೇಲೆ.

ಕ್ಷಣದ ವೇಗ ಬೇಕು ಅಂತ ಅನ್ನಿಸಿದ್ದು ತುಂಬ ಹಿಂದೆ. 1150ರ ಸಿದ್ಧಾಂತ ಶಿರೋಮಣಿಯಲ್ಲಿ ಭಾಸ್ಕರಾಚಾರ್ಯ ಗ್ರಹಗಳ 'ತಾತ್ಕಾಲಿಕ ಗತಿ'ಯ ಮಾತು ಎತ್ತುತ್ತಾನೆ. ಇಲ್ಲಿ ತಾತ್ಕಾಲಿಕ ಅಂದರೆ 'ಸದ್ಯಕ್ಕೆ' ಅಂತಲ್ಲ, 'ಆ ಹೊತ್ತಿನ' ಅಂತ. ಚಂದ್ರನ ವೇಗ ದಿನದೊಳಗೇ ಬದಲಾಗುತ್ತದೆ. ತಿಥಿ ಮುಗಿಯುವ ಹೊತ್ತು ಹೇಳಲು ದಿನದ ಸರಾಸರಿ ಸಾಲದು. ನಮ್ಮಿಂದ ತೆಂಕಕ್ಕೆ, ಭಾರತಪ್ಪುಳೆಯ ಆಸುಪಾಸಿನಲ್ಲಿ, ಗಣಿತಜ್ಞ ಮಾಧವ ಮತ್ತು ಅವನ ಶಿಷ್ಯಪರಂಪರೆ ವೃತ್ತವನ್ನು ಚೂರು ಚೂರು ಮಾಡಿ ಪೈ ಬೆಲೆಗೆ ಕೊನೆಯಿಲ್ಲದ ಸರಣಿಯನ್ನೇ ಕಟ್ಟಿತು. ಅದರ ವಿವರಣೆ ಇರುವ ಜ್ಯೇಷ್ಠದೇವನ ಯುಕ್ತಿಭಾಷಾ, ಸುಮಾರು 1530ರದ್ದು, ಮಲಯಾಳದಲ್ಲೇ ಇದೆ. ಹಾಗಂತ ಇಂಥ ಚೂರುಗಳ ಗಣಿತವಾದ 'ಕ್ಯಾಲ್ಕುಲಸ್ ಪೂರ್ತಿ ನಮ್ಮವರದ್ದೇ' ಎಂಬ ವಾಟ್ಸ್ಯಾಪ್ ಮೆಸೇಜನ್ನು ನಾನು ಒಪ್ಪುವುದಿಲ್ಲ. ಯಾವ ಫಂಕ್ಷನ್ (ಒಂದು ಬೆಲೆ ಹಾಕಿದರೆ ಇನ್ನೊಂದು ಬೆಲೆ ಕೊಡುವ ಸೂತ್ರ) ಕೊಟ್ಟರೂ ನಡೆಯುವ ಒಂದೇ ವಿಧಾನ ಅಲ್ಲಿ ಇರಲಿಲ್ಲ.

ಆ ದಾರಿ ತೆರೆದದ್ದು ಯುರೋಪಿನಲ್ಲಿ. 1630ರ ದಶಕದಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ಒಂದು ಚೂರನ್ನು ಸೇರಿಸಿ, ಅದರಿಂದ ಭಾಗಿಸಿ, ಕೊನೆಗೆ ಅದನ್ನೇ ಕೈಬಿಟ್ಟ. ನ್ಯೂಟನ್ 1665-66ರಲ್ಲಿ ಇದನ್ನು ದೊಡ್ಡ ವಿದ್ಯೆಯಾಗಿ ಬೆಳೆಸಿದ, ಆದರೆ ಪ್ರಕಟಿಸದೆ ಇಟ್ಟುಕೊಂಡ. ಲೈಬ್‌ನಿಟ್ಸ್ 1684ರಲ್ಲಿ ಅಚ್ಚು ಹಾಕಿಸಿದ. ಮಕ್ಕಳು ಇವತ್ತಿಗೂ ಬರೆಯುವ 'ಡಿವೈ ಬೈ ಡಿಎಕ್ಸ್' ಅವನದ್ದು. ಯಾರು ಮೊದಲು ಅಂತ ಇಬ್ಬರ ಕಡೆಯವರೂ ಹೊಡೆದಾಡಿದ್ದು ಬೇರೆ ಕತೆ.

1734ರಲ್ಲಿ ಬಿಷಪ್ ಬರ್ಕ್ಲಿ ನಮ್ಮ ಹುಡುಗಿಯ ಪ್ರಶ್ನೆಯನ್ನೇ ಕೇಳಿದ. ಈ ಚೂರುಗಳು ಸೊನ್ನೆಯಲ್ಲ, ಸೊನ್ನೆಯಲ್ಲದ್ದೂ ಅಲ್ಲ. ತೀರಿಹೋದ ಪರಿಮಾಣಗಳ ಭೂತಗಳು ಅನ್ನೋಣವೇ ಅಂತ ಗೇಲಿ ಮಾಡಿದ. ನಮ್ಮ ಕಡೆ ಭೂತ ಅಂದರೆ ಕೈಮುಗಿಯುತ್ತಾರೆ, ಅವನದ್ದು ಆ ಅರ್ಥವಲ್ಲ. ಉತ್ತರ ಸರಿ ಬರುತ್ತಿದ್ದುದರಿಂದ ಗಣಿತದವರು ಕೆಲಸ ನಿಲ್ಲಿಸಲಿಲ್ಲ. 1797ರಲ್ಲಿ ಲಗ್ರಾಂಜ್ 'ಡೆರಿವೇಟಿವ್' ಎಂಬ ಹೆಸರಿಗೆ ಮೂಲವಾದ ಫ್ರೆಂಚ್ ಪದ ಬಳಸಿದ, ಚೂರಿನ ಸಹವಾಸವೇ ಬೇಡ ಅಂತ ನೋಡಿದ, ಆಗಲಿಲ್ಲ.

1823ರಲ್ಲಿ ಕೋಶಿ ಡೆರಿವೇಟಿವನ್ನು ಲಿಮಿಟ್, ಅಂದರೆ ಲೆಕ್ಕ ಹತ್ತಿರ ಹತ್ತಿರ ಹೋಗುವ ಬೆಲೆಯ, ಮೂಲಕ ವಿವರಿಸಿದ. ಮುಂದೆ ವೈಯರ್‌ಸ್ಟ್ರಾಸ್ ಅದಕ್ಕೆ ಬಿಗಿಯಾದ ಭಾಷೆ ಕೊಟ್ಟ. ಎಚ್ ಯಾವತ್ತೂ ಸೊನ್ನೆ ಆಗುವುದೇ ಇಲ್ಲ. ಸರಾಸರಿ 10ಕ್ಕೆ ಎಷ್ಟು ಹತ್ತಿರ ಬರಬೇಕು ಅಂತ ನೀವು ಹೇಳಿ, ಎಚ್ ಎಷ್ಟು ಚಿಕ್ಕದಿದ್ದರೆ ಸಾಕು ಅಂತ ನಾನು ಹೇಳುತ್ತೇನೆ. ನೀವು ಎಷ್ಟೇ ಜುಗ್ಗತನ ಮಾಡಿದರೂ ನನ್ನ ಹತ್ತಿರ ಉತ್ತರ ಇದ್ದರೆ, ಲಿಮಿಟ್ 10. ಕೇರಳ-ಕರ್ನಾಟಕ ಸೇರುವ ತಲಪಾಡಿಯಲ್ಲಿ ಗಡಿ ದಾಟದೆಯೇ ಗಡಿ ಎಲ್ಲಿದೆ ಅಂತ ಹೇಳುವ ಹಾಗೆ.

ಪುಸ್ತಕ ಮಾತ್ರ ಕೊನೆಗೆ ಸಿಕ್ಕಿದ ಈ ಲಿಮಿಟ್ಟನ್ನೇ ಮೊದಲ ಪುಟಕ್ಕೆ ತಂದಿಟ್ಟಿದೆ. ಯಾವ ತಕರಾರಿಗೆ ಇದು ಪರಿಹಾರ ಅಂತ ಮಕ್ಕಳಿಗೆ ಗೊತ್ತಾಗುವುದು ಹೇಗೆ?

ಕಂಗು 12 ಮೀಟರ್ ಎತ್ತರ, ಗಾಳಿಯ ತಡೆ ಬೇಡ, ಅಡಿಕೆ ನೆಲ ಮುಟ್ಟುವಾಗ ವೇಗ ಎಷ್ಟು ಅಂತ ಹುಡುಗಿಯನ್ನು ಕೇಳಿದೆ. ಅವಳು ಪುಸ್ತಕದ ಹಿಂಬದಿಯಲ್ಲೇ ಗೀಚಿದಳು. ಬೀಳಲು ಹಿಡಿದದ್ದು ಸುಮಾರು 1.55 ಸೆಕೆಂಡ್, ಅದನ್ನು 10ರಿಂದ ಗುಣಿಸಿದರೆ ವೇಗ ಸೆಕೆಂಡಿಗೆ 15.5 ಮೀಟರ್, ಅಂದರೆ ಗಂಟೆಗೆ ಸುಮಾರು 56 ಕಿ.ಮೀ.

"ನಮ್ಮ ಬಸ್ಸಿಗಿಂತ ಜಾಸ್ತಿ ಉಂಟಲ್ಲ ಮಾವ!"