ನಾವು ಊರಿನ ವಕೀಲರು, ಊರವರ ವಕೀಲರಲ್ಲ

"ಪಕ್ಕದ ಮನೆಯವರು ನಮ್ಮ ಜಾಗಕ್ಕೆ ಒಂದಡಿ ನುಗ್ಗಿಸಿ ಕಾಂಪೌಂಡ್ ಕಟ್ಟಿದ್ದಾರೆ. ನಿಮ್ಮ ಕಡೆಯಿಂದ ಒಂದು ನೋಟಿಸ್ ಕಳಿಸಿ ಸಾರ್." ಪುರಸಭೆಯ ಕಾನೂನು ವಿಭಾಗದಲ್ಲಿ ಕೂತವರಿಗೆ ಈ ಮಾತು ಹೊಸದಲ್ಲ. ಆಗುವುದಿಲ್ಲ ಎಂದರೆ ಬೇಜಾರು. "ನಾವು ತೆರಿಗೆ ಕಟ್ಟುತ್ತೇವೆ, ಅಲ್ವಾ?" ಎನ್ನುತ್ತಾರೆ.

ಸಿಟ್ಟು ಅರ್ಥವಾಗುತ್ತದೆ. ಆದರೆ ನಮ್ಮ ಕಕ್ಷಿದಾರ ಒಬ್ಬನೇ, ಪುರಸಭೆ ಎಂಬ ಸಂಸ್ಥೆ. ಊರಿನ ಜನ ಅಲ್ಲ. ಅಷ್ಟೇಕೆ, ಅಧ್ಯಕ್ಷರೂ ಅಲ್ಲ. ಅವರು ಅಧಿಕಾರದಲ್ಲಿದ್ದು ಕೈಗೊಂಡ ತೀರ್ಮಾನವನ್ನು ಯಾರಾದರೂ ಪ್ರಶ್ನಿಸಿದರೆ ಸಾಮಾನ್ಯವಾಗಿ ನಾವೇ ವಾದಿಸುತ್ತೇವೆ. ಅವರ ಸ್ವಂತ ಆಸ್ತಿ ಜಗಳಕ್ಕೆ ಅವರೇ ವಕೀಲರನ್ನು ಹುಡುಕಿಕೊಳ್ಳಬೇಕು. ಇದನ್ನು ಅಧ್ಯಕ್ಷರ ಎದುರು ಕೂತು ಹೇಳುವುದು ಸುಲಭದ ಕೆಲಸವಲ್ಲ ಬಿಡಿ.

ಮತ್ತೆ ಅದೇ ಕಾಂಪೌಂಡಿಗೆ ಬರೋಣ. ಗೋಡೆ ನಿಮ್ಮ ಜಾಗಕ್ಕೆ ನುಗ್ಗಿದ್ದರೆ ಅದು ಇಬ್ಬರು ಮಾಲೀಕರ ವ್ಯಾಜ್ಯ. ಅಳತೆ ಮಾಡಿಸಿ ಸಿವಿಲ್ ಕೋರ್ಟಿಗೆ ಹೋಗಬೇಕು. ಅದೇ ಗೋಡೆ ರಸ್ತೆಗೆ ಬಂದಿದ್ದರೆ, ಇಲ್ಲವೇ ಬೇಕಾದ ಪರವಾನಗಿ ಪಡೆಯದೆ ಎದ್ದಿದ್ದರೆ ಕತೆಯೇ ಬೇರೆ. ಆಗ ದೂರು ಕೊಡಬೇಕಾದದ್ದು ಕಟ್ಟಡ ವಿಭಾಗಕ್ಕೆ. ಅವರು ಸ್ಥಳ ನೋಡಿ ವರದಿ ಬರೆದ ಮೇಲೆ ಫೈಲ್ ನಮ್ಮ ಮೇಜಿಗೆ ಬರುತ್ತದೆ. ಆಗಲೂ ಮಾಲೀಕನಿಗೆ ನೋಟಿಸ್ ಕೊಟ್ಟು, ಅವನ ಮಾತು ಕೇಳಿಯೇ ಮುಂದಿನ ಹೆಜ್ಜೆ. ಇದನ್ನು ಬಿಟ್ಟು ಅವಸರದಲ್ಲಿ ಹೊರಡಿಸಿದ ಆದೇಶ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಗೋಡೆ ತಪ್ಪಾಗಿದ್ದರೂ ಕೇಸು ಸೋಲುತ್ತದೆ.

ಕಳ್ಳತನ, ಹೊಡೆದಾಟ, ಮೋಸ ಇವು ಪೊಲೀಸರ ಕೆಲಸ. ಬಾಡಿಗೆ, ವಿಚ್ಛೇದನ, ಉಯಿಲು ನಿಮ್ಮ ವಕೀಲರದ್ದು.

ಹಾಗಾದರೆ ನಾವು ದಿನವಿಡೀ ಏನು ಮಾಡುತ್ತೇವೆ? ಕೋರ್ಟಿಗೆ ಹೋಗುವುದಕ್ಕಿಂತ ಕಾಗದ ಓದುವುದೇ ಜಾಸ್ತಿ. ಟೆಂಡರ್ ಷರತ್ತು, ಗುತ್ತಿಗೆ ಕರಾರು, ಉಪವಿಧಿಯ (ಅಂದರೆ ಪುರಸಭೆ ತಾನೇ ಮಾಡುವ ನಿಯಮದ) ಕರಡು. ಹೊಸದಾಗಿ ಹಾಕಿದ ಪೈಪ್ ಒಡೆದರೆ ರಿಪೇರಿ ಖರ್ಚು ಯಾರದು ಎಂಬ ಒಂದು ಸಾಲು ಕರಾರಿನಲ್ಲಿ ಬಿಟ್ಟುಹೋದರೆ, ಆಮೇಲೆ ವರ್ಷಗಟ್ಟಲೆ ಪತ್ರ ಬರೆಯುತ್ತಾ ಕೂರಬೇಕು. ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸಿದ ಉಪವಿಧಿ ಮೇಲಿನ ಸರ್ಕಾರದ ಕಾನೂನಿಗೆ ವಿರುದ್ಧವಾಗಿದ್ದರೆ ಅದನ್ನು ತಡೆಯುವುದೂ ನಮ್ಮ ಪಾಲಿಗೇ.

ಕೊನೆಗೆ, ಪುರಸಭೆಯ ಮೇಲೆಯೇ ನಿಮ್ಮ ದೂರಿದ್ದರೆ? ಮುಚ್ಚಳವಿಲ್ಲದ ಮ್ಯಾನ್‌ಹೋಲ್‌ಗೆ ಬಿದ್ದು ಕಾಲು ಮುರಿಯಿತು ಎನ್ನಿ. ಆಗ ನಾವು ಎದುರು ಪಕ್ಷ. ಪರಿಹಾರ ಸಿಗುತ್ತದೆಯೇ ಎಂದು ನಮ್ಮನ್ನೇ ಕೇಳಬೇಡಿ. ನಿಮ್ಮ ಬಾಯಿಂದ ಬಂದ ಮಾತು ನಾಳೆ ನಿಮಗೇ ತಿರುಗಬಹುದು. ಎಷ್ಟೋ ಕಡೆ ಕೋರ್ಟಿಗೆ ಹೋಗುವ ಮೊದಲು ಲಿಖಿತ ನೋಟಿಸ್ ಕೊಡಲೇಬೇಕು, ಅದಕ್ಕೆ ಗಡುವೂ ಇದೆ. ಇಂಥ ಗಾಯದ ಪ್ರಕರಣಕ್ಕೆ ನ್ಯೂಯಾರ್ಕ್ ರಾಜ್ಯದಲ್ಲಿ ಅದು 90 ದಿನ, ಕ್ಯಾಲಿಫೋರ್ನಿಯಾದಲ್ಲಿ 6 ತಿಂಗಳು. ದಿನಾಂಕ, ಜಾಗ, ಫೋಟೊ ಸೇರಿಸಿ ಕೊಡಿ, ಸ್ವೀಕೃತಿ ಪಡೆಯಿರಿ. ಕೌಂಟರಿನಲ್ಲಿದ್ದವರು "ನೋಡೋಣ" ಎಂದರು ಅಂತ ಸುಮ್ನೆ ಮನೆಗೆ ಹೋದರೆ ಗಡುವು ನಿಮಗಾಗಿ ಕಾಯುವುದಿಲ್ಲ.