ಕೊನೆಯ ಸೆಕ್ಷನ್‌ನ ಹುಡುಗನಿಗೆ ಸೀಟು ಎಲ್ಲಿದೆ?

ಮೇ, ಜೂನ್ ಬಂತೆಂದರೆ ದಾವಣಗೆರೆಯ ಕಂಬ, ಗೋಡೆ, ಬಸ್ಸಿನ ಬೆನ್ನು ಎಲ್ಲ ಕಡೆ ಮಕ್ಕಳ ಮುಖಗಳು. ಪಾಸ್‌ಪೋರ್ಟ್ ಸೈಜಿನ ಫೋಟೊ, ಅದರ ಕೆಳಗೆ ರ‍್ಯಾಂಕು. ಒಂದು ಫ್ಲೆಕ್ಸಿನಲ್ಲಿ ಹೆಚ್ಚೆಂದರೆ 40 ಮುಖ ಹಿಡಿಯುತ್ತವೆ. ಆ ಕಾಲೇಜಿನಲ್ಲಿ ಪರೀಕ್ಷೆ ಬರೆದವರು 800 ಜನ ಇರಬಹುದು. ಫ್ಲೆಕ್ಸಿನಲ್ಲಿ ಹಿಡಿಯದ ಮಕ್ಕಳ ಅಪ್ಪ ಅಮ್ಮಂದಿರೇ ನನ್ನ ಮನೆ ಬಾಗಿಲಿಗೆ ಬರುವವರು.

ನಾನು 22 ವರ್ಷ ಪಿಯುಸಿಗೆ ಗಣಿತ ಹೇಳಿದವಳು. ಈಗ ಕೆಲಸ ಬಿಟ್ಟು, ಸಿಇಟಿ ಕೌನ್ಸೆಲಿಂಗ್ ಸಮಯದಲ್ಲಿ ಮಕ್ಕಳ ಜೊತೆ ಕೂತು ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳ ಪಟ್ಟಿ ತುಂಬುವುದನ್ನು ಮಾಡಿಸುತ್ತೇನೆ. ಹೋದ ಸಲ ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗ ಪಿಸಿಎಂಬಿ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್, ಬಯಾಲಜಿ. ಪೈಪೋಟಿಗೆ ಹೆಸರಾದ ಖಾಸಗಿ ಕಾಲೇಜು, ಹಾಸ್ಟೆಲ್, ಕೋಚಿಂಗ್ ಎಲ್ಲ ಸೇರಿ ಎರಡು ವರ್ಷಕ್ಕೆ ಲಕ್ಷಗಟ್ಟಲೆ ಕಟ್ಟಿದ್ದರು.

“ಮೇಡಂ, ಇವನು ಅಷ್ಟಕ್ಕಷ್ಟೇ. ಕೊನೇ ಸೆಕ್ಷನ್‌ನಲ್ಲಿದ್ದ. ಎಲ್ಲಾದ್ರೂ ಸೀಟು ಸಿಗುತ್ತಾ ಅಂತ ಹೇಳಿ, ಸಾಕು,” ಅಂದರು. ಹುಡುಗ ತಲೆ ಎತ್ತಲಿಲ್ಲ.

ಅಂಕಪಟ್ಟಿ ಕೇಳಿದೆ. ಫಿಸಿಕ್ಸ್ 84, ಕೆಮಿಸ್ಟ್ರಿ 88, ಮ್ಯಾಥ್ಸ್ 95. ಇದು ಅಷ್ಟಕ್ಕಷ್ಟೇನಾ?

ಇಂಥ ಕಾಲೇಜುಗಳಲ್ಲಿ ಏನಾಗುತ್ತದೆ ಅಂತ ಒಳಗಿದ್ದು ನೋಡಿದ್ದೇನೆ. ವಾರ ವಾರ ಟೆಸ್ಟ್. ಟೆಸ್ಟಿನ ಲೆಕ್ಕದಲ್ಲಿ ಸೆಕ್ಷನ್ ಬದಲಾವಣೆ. ಮೊದಲ ಸೆಕ್ಷನ್‌ಗೆ ಹೆಸರಾಂತ ಉಪನ್ಯಾಸಕರು, ಕೊನೆಯದಕ್ಕೆ ಆ ವರ್ಷ ಹೊಸದಾಗಿ ಸೇರಿದವರು. ಎಸ್‌ಎಸ್‌ಎಲ್‌ಸಿಯಲ್ಲಿ ತನ್ನ ಶಾಲೆಗೇ ಮೊದಲು ಬಂದ ಮಗು ಇಲ್ಲಿ 220 ಜನರಲ್ಲಿ 143ನೆಯವನು. ಎರಡು ವರ್ಷ ಅದೇ ನಂಬರ್ ಕೇಳಿ ಕೇಳಿ ಕೊನೆಗೆ ಅದೇ ತನ್ನ ಯೋಗ್ಯತೆ ಅಂದುಕೊಂಡು ಬಿಡುತ್ತಾನೆ. ಅಪ್ಪ ಅಮ್ಮನೂ ಹಾಗೇ ಅಂದುಕೊಳ್ಳುತ್ತಾರೆ. ಆದರೆ ಸಿಇಟಿಗೆ ಕೂರುವವರು ಮೂರು ಲಕ್ಷಕ್ಕೂ ಜಾಸ್ತಿ ಮಕ್ಕಳು. ಸೀಟು ಹಂಚುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರಕ್ಕೆ ಆ 143 ಎಂಬ ನಂಬರ್ ಗೊತ್ತೇ ಇಲ್ಲ. ಕಾಲೇಜಿನ ಹೆಸರೂ ಅದಕ್ಕೆ ಲೆಕ್ಕಕ್ಕಿಲ್ಲ.

ಈ ಮಾತು ಹೇಳಿದಾಗ ಒಬ್ಬ ತಾಯಿ, “ನಮ್ಮಣ್ಣ ಅಮೆರಿಕದಲ್ಲಿದ್ದಾನೆ, ಅಲ್ಲಿ ಯಾವ ಶಾಲೆ ಅಂತಾನೂ ನೋಡ್ತಾರಂತೆ” ಅಂದಿದ್ದರು. ನಿಜ. ಅಲ್ಲಿ ಅರ್ಜಿಯ ಜೊತೆ ಶಾಲೆಯ ಪರಿಚಯ ಪತ್ರ ಹೋಗುತ್ತದೆ, ಆ ಶಾಲೆ ಎಷ್ಟು ಕಷ್ಟದ್ದು ಎಂದು ನೋಡಿ ಮಗುವಿನ ಅಂಕ ತೂಗುತ್ತಾರೆ. ನಮ್ಮಲ್ಲಿ ತೂಗುವುದು ಕಂಪ್ಯೂಟರ್. ಅದಕ್ಕೆ ಎರಡೇ ಸಂಖ್ಯೆ ಸಾಕು.

ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಪಿಸಿಎಂ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಈ ಹುಡುಗನ ಲೆಕ್ಕವನ್ನು ಅವನ ಮುಂದೆಯೇ ಹಾಕಿದೆ. ಪಿಯುಸಿಯಲ್ಲಿ 300ಕ್ಕೆ 267, ಅಂದರೆ ಶೇ 89. ಅದರ ಅರ್ಧ 44.5. ಸಿಇಟಿಯಲ್ಲಿ 180ಕ್ಕೆ 78, ಅಂದರೆ ಶೇ 43.33. ಅದರ ಅರ್ಧ 21.67. ಒಟ್ಟು 66.17. ಅವನ ರ‍್ಯಾಂಕನ್ನು ಎತ್ತಿ ಹಿಡಿದಿದ್ದು ಪಿಯುಸಿ ಅಂಕ. ಕಾಲೇಜಿನಲ್ಲಿ “ಬೋರ್ಡ್ ಎಕ್ಸಾಂ ಬಿಡಿ, ಅದು ಹೇಗೂ ಆಗುತ್ತೆ” ಅಂತ ಬದಿಗೆ ತಳ್ಳಿದ್ದ ಅದೇ ಅಂಕ.

“ಒಎಂಆರ್ ಪ್ರತಿ ತಂದಿದ್ದೀಯೇನಪ್ಪ?” ಅಂದೆ. ಪರೀಕ್ಷೆ ಮುಗಿದ ಮೇಲೆ ಮಕ್ಕಳ ಕೈಗೆ ಉತ್ತರ ಹಾಳೆಯ ಪ್ರತಿ ಕೊಡುತ್ತಾರಲ್ಲ, ಅದು. ತಂದಿದ್ದ. ಮೂರೂ ವಿಷಯ ಸೇರಿ 21 ಪ್ರಶ್ನೆಗೆ ಗುಂಡಿ ತುಂಬಿಯೇ ಇಲ್ಲ.

“ಯಾಕೆ ಬಿಟ್ಟೆ?”

“ಗ್ಯಾರಂಟಿ ಇರ್ಲಿಲ್ಲ ಮೇಡಂ. ನೆಗೆಟಿವ್ ಆಗುತ್ತೆ ಅಂತ...”

ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವ ನೆಗೆಟಿವ್ ಮಾರ್ಕ್ ಇಲ್ಲ. ಅದು ಅವನಿಗೆ ಗೊತ್ತೂ ಇತ್ತು. ಆದರೆ ಎರಡು ವರ್ಷ ವಾರ ವಾರ ನೀಟ್ ಮಾದರಿಯ ಟೆಸ್ಟ್ ಬರೆದ ಕೈ ಅದು. ಅನುಮಾನ ಬಂದರೆ ಬಿಟ್ಟು ಮುಂದೆ ಹೋಗುವುದೇ ಅಭ್ಯಾಸ. ನಾಲ್ಕು ಉತ್ತರದಲ್ಲಿ ಒಂದನ್ನು ಕಣ್ಣು ಮುಚ್ಚಿ ತುಂಬಿದ್ದರೂ 21ರಲ್ಲಿ ಐದು ಸರಿಯಾಗಬಹುದಿತ್ತು. ಸಿಇಟಿಯ ಐದು ಅಂಕ ಅಂದರೆ ಒಟ್ಟು ಲೆಕ್ಕದಲ್ಲಿ 1.39. ಕಮ್ಮಿ ಅನ್ನಿಸುತ್ತೆ ಅಲ್ವಾ? ಮೇಲಿನ ಸಾಲಿನಲ್ಲಿ ಮಕ್ಕಳು ವಿರಳ. ಮಧ್ಯದ ಸಾಲಿನಲ್ಲಿ ಜಾತ್ರೆಯ ಹಾಗೆ ಒತ್ತಾಗಿ ನಿಂತಿರುತ್ತಾರೆ. ಅಲ್ಲಿ ಒಂದೂವರೆ ಅಂಕ ಅಂದರೆ ಸಾವಿರಾರು ರ‍್ಯಾಂಕು. ಟಾಪರ್‌ಗಳಿಗಾಗಿ ಕಟ್ಟಿದ ತರಬೇತಿಯಲ್ಲಿ ಮಧ್ಯಮದ ಮಗು ಕಳೆದುಕೊಳ್ಳುವುದು ಇಂಥದ್ದನ್ನೇ. ಬುದ್ಧಿ ಕಮ್ಮಿಯಾಗಿ ಅಲ್ಲ, ಬೇರೆ ಪರೀಕ್ಷೆಯ ಅಭ್ಯಾಸ ಇಲ್ಲಿಗೆ ಬಂದು.

ನೀಟ್ ವಿಷಯ ಬೇಗ ಮುಗಿಸುತ್ತೇನೆ. 720ಕ್ಕೆ ಮುನ್ನೂರರ ಆಸುಪಾಸು ಬಂದ ಮಗುವಿಗೆ ಜನರಲ್ ಮೆರಿಟ್‌ನಲ್ಲಿ ಸರಕಾರಿ ಎಂಬಿಬಿಎಸ್ ಸೀಟು ಸಿಗುವುದಿಲ್ಲ. “ಲಾಂಗ್ ಟರ್ಮ್ ಹಾಕಿಸೋಣ್ವಾ?” ಅಂತ, ಅಂದರೆ ಇನ್ನೊಂದು ವರ್ಷ ನೀಟ್ ಕೋಚಿಂಗ್ ಕೊಡಿಸೋಣ್ವಾ ಅಂತ, ಎಲ್ಲರೂ ಕೇಳುತ್ತಾರೆ. ನಾನು ಒಂದೇ ನೋಡುವುದು: ತಪ್ಪು ಎಷ್ಟು? 170 ಪ್ರಶ್ನೆ ಮುಟ್ಟಿ 100 ಸರಿ, 70 ತಪ್ಪು ಮಾಡಿದರೆ ಸರಿ ಉತ್ತರಗಳ 400ರಲ್ಲಿ ತಪ್ಪಿನ 70 ಹೋಗಿ 330 ಉಳಿಯುತ್ತದೆ. ಆ 70ರಲ್ಲಿ ಹೆಚ್ಚಿನವು ಓದಿಯೂ ಎಡವಿದವು ಎಂದಾದರೆ ಇನ್ನೊಂದು ವರ್ಷಕ್ಕೆ ಅರ್ಥ ಇದೆ. ಪಾಠವೇ ತಲೆಗೆ ಹೋಗಿಲ್ಲ, ಮಗುವಿಗೂ ಮನಸ್ಸಿಲ್ಲ ಎಂದಾದರೆ ಆ ದುಡ್ಡನ್ನು ಡಿಗ್ರಿಗೆ ಇಟ್ಟುಕೊಳ್ಳಿ. ಲಾಂಗ್ ಟರ್ಮ್‌ಗೆ ಸೇರಿಸಿ ಅಂತ ನಾನು ಹೇಳಿದ್ದಕ್ಕಿಂತ ಬೇಡ ಅಂತ ಹೇಳಿದ್ದೇ ಜಾಸ್ತಿ. ಕೆಲವರು ಸಿಟ್ಟಾಗಿ ಎದ್ದು ಹೋಗಿದ್ದಾರೆ.

ಇನ್ನು ಆಪ್ಷನ್ ಎಂಟ್ರಿ. ನೂರರೊಳಗೆ ರ‍್ಯಾಂಕ್ ಬಂದವನಿಗೆ ಹತ್ತು ಆಪ್ಷನ್ ಸಾಕು. ಉದ್ದ ಪಟ್ಟಿ ನಿಜವಾಗಿ ಬೇಕಾಗಿರುವುದು ಮೂವತ್ತು, ಐವತ್ತು ಸಾವಿರದ ರ‍್ಯಾಂಕಿನವರಿಗೆ. ಅವರೇ ಸೈಬರ್ ಸೆಂಟರ್‌ನಲ್ಲಿ ಅರ್ಧ ಗಂಟೆಯಲ್ಲಿ ಮುಗಿಸಿ ಬಂದುಬಿಡುತ್ತಾರೆ. ಬೆಂಗಳೂರಿನ ಹನ್ನೆರಡು ಕಾಲೇಜು, ಹನ್ನೆರಡರಲ್ಲೂ ಕಂಪ್ಯೂಟರ್ ಸೈನ್ಸ್. ಆಮೇಲೆ “ಸೀಟೇ ಸಿಗಲಿಲ್ಲ” ಅನ್ನುತ್ತಾರೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ, ಅದನ್ನು ಬಿಡಿಸುವುದೇ ಕಷ್ಟ. “ಸಿಗೋದನ್ನ ಮೊದಲು ಹಾಕಿ, ಇಲ್ಲಾಂದ್ರೆ ಅದೂ ಹೋಗುತ್ತೆ” ಅಂತ ಯಾರೋ ಹೇಳಿರುತ್ತಾರೆ. ಹಾಗಲ್ಲ. ಕಂಪ್ಯೂಟರ್ ರ‍್ಯಾಂಕಿನ ಪ್ರಕಾರ ಒಬ್ಬೊಬ್ಬರ ಪಟ್ಟಿ ತೆಗೆಯುತ್ತದೆ. ನಿಮ್ಮ ಸರದಿ ಬಂದಾಗ ಮೇಲಿನಿಂದ ನೋಡುತ್ತಾ ಬರುತ್ತದೆ. ಮೊದಲನೆಯದು ಖಾಲಿ ಇಲ್ಲವಾ, ಎರಡನೆಯದು. ಅದೂ ಇಲ್ಲವಾ, ಮೂರನೆಯದು. ನೀವು ಮೇಲೆ ದೊಡ್ಡ ಕಾಲೇಜು ಬರೆದಿರಿ ಎಂದು ಕೆಳಗಿನ ಸೀಟನ್ನು ನಿಮಗಿಂತ ಹಿಂದಿನ ರ‍್ಯಾಂಕಿನವರಿಗೆ ಕೊಟ್ಟುಬಿಡುವುದಿಲ್ಲ. ಆದ್ದರಿಂದ ಆಸೆ ಇರುವ ಕ್ರಮದಲ್ಲೇ ಬರೆಯಿರಿ. ಸಿಕ್ಕರೂ ಸೇರಲ್ಲ ಅನ್ನುವುದನ್ನು ಮಾತ್ರ ಬರೆಯಬೇಡಿ.

ಹುಡುಗನ ಜೊತೆ ಕೂತು ಹಿಂದಿನ ವರ್ಷದ ಕಟ್ ಆಫ್ ಪಟ್ಟಿ ತೆಗೆದೆವು. ಜಿಎಂ (ಜನರಲ್ ಮೆರಿಟ್) ಕಾಲಂ ನೋಡಿ ಅವರಪ್ಪ “ಅಯ್ಯೋ” ಅಂದರು. ಪಕ್ಕದ ಕಾಲಂಗಳನ್ನು ತೋರಿಸಿದೆ. ಮೀಸಲಾತಿಯ 3ಬಿ ವರ್ಗದಲ್ಲೇ 3ಬಿಜಿ ಬೇರೆ, 3ಬಿಆರ್ ಬೇರೆ. ಕೊನೆಯ ಅಕ್ಷರ ಆರ್ ಇದ್ದರೆ ಗ್ರಾಮೀಣ, ಕೆ ಇದ್ದರೆ ಕನ್ನಡ ಮಾಧ್ಯಮ. ಎಷ್ಟೋ ಕಾಲೇಜುಗಳಲ್ಲಿ ಈ ಕಾಲಂಗಳ ಕೊನೆಯ ರ‍್ಯಾಂಕು ಸಾವಿರಗಟ್ಟಲೆ ಹಿಂದೆ ಇರುತ್ತದೆ.

“ಹಂಗಾದ್ರೆ ನಮ್ದು ಗ್ರಾಮೀಣಾನೇ ಅಲ್ವಾ ಮೇಡಂ? ಊರಲ್ಲೇ ಓದಿದ್ದು.”

“ಎಷ್ಟನೇ ಕ್ಲಾಸ್ ತನಕ?”

“ಏಳು. ಎಂಟಕ್ಕೆ ಇಲ್ಲಿಗೇ ತಂದು ಹಾಕಿದ್ವಿ.”

ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತರ ತನಕ, ಹತ್ತೂ ವರ್ಷ ಹಳ್ಳಿಯಲ್ಲೇ ಓದಿರಬೇಕು. ಮೂರು ವರ್ಷದ ಸಿಟಿ ಶಾಲೆಗೆ ಶೇ 15ರ ಮೀಸಲಾತಿ ಹೋಯಿತು. ಒಳ್ಳೆಯ ಪಿಯು ಕಾಲೇಜು ಸಿಗಲಿ ಅಂತಲೇ ಸಿಟಿಗೆ ತಂದದ್ದು. ನಾನು ಏನೂ ಅನ್ನಲಿಲ್ಲ. ಅವರೇ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದರು.

ಇನ್ನೊಂದು ಪ್ರಶ್ನೆ ಕೇಳಬೇಕಿತ್ತು. “ಕೃಷಿಕರ ಕೋಟಾಕ್ಕೆ ಹಾಕಿದ್ರಾ?” ಹಾಕಿರಲಿಲ್ಲ. ಕೃಷಿ, ತೋಟಗಾರಿಕೆಯಂಥ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಗಿಡ, ಗೊಬ್ಬರ, ಸಲಕರಣೆ ಗುರುತಿಸುವುದು. ಆದರೆ ಸಿಇಟಿ ಅರ್ಜಿ ತುಂಬುವಾಗಲೇ ಅದನ್ನು ಕೇಳಿಕೊಂಡಿರಬೇಕು. ಅರ್ಜಿ ತುಂಬಿದ್ದು ಕಾಲೇಜಿನವರು, ಒಂದೇ ದಿನ ನೂರಾರು ಮಕ್ಕಳದ್ದು. ಅಡಿಕೆ ತೋಟದಲ್ಲಿ ಬೆಳೆದ ಹುಡುಗ, ಆ ಕಾಲಂನಲ್ಲಿ “ಇಲ್ಲ”.

ಆದರೂ ಸಾಮಾನ್ಯ ಕೋಟಾದಲ್ಲಿ ದಾರಿ ಮುಚ್ಚಿರಲಿಲ್ಲ. ಶಿವಮೊಗ್ಗದ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿವಿಯ ಕೋರ್ಸುಗಳನ್ನು ಹೇಳಿದೆ. ಮೂಡಿಗೆರೆಯಲ್ಲಿ ತೋಟಗಾರಿಕೆ, ಪೊನ್ನಂಪೇಟೆಯಲ್ಲಿ ಅರಣ್ಯಶಾಸ್ತ್ರ. ಹುಡುಗ ಆವತ್ತು ಮೊದಲ ಸಲ ತಲೆ ಎತ್ತಿ, “ಫಾರೆಸ್ಟ್ರಿಗೆ ಪೊನ್ನಂಪೇಟೆಲಿ ಹಾಸ್ಟೆಲ್ ಇದ್ಯಾ?” ಅಂದ. ಅವರಪ್ಪ ನನ್ನ ಮುಖ ನೋಡಿದರು. ಮಗನಿಗೆ ಅದರಲ್ಲಿ ಆಸೆ ಇದೆ ಅಂತ ಅವರಿಗೆ ಗೊತ್ತಿರಲಿಲ್ಲ.

ಕೊನೆಗೆ ಪಟ್ಟಿ 94 ಆಪ್ಷನ್ ಆಯಿತು. ಮೇಲೆ ಅರಣ್ಯಶಾಸ್ತ್ರ, ತೋಟಗಾರಿಕೆ, ಕೃಷಿ. ಆಮೇಲೆ ಎಂಜಿನಿಯರಿಂಗ್. ಅದರಲ್ಲಿ ನಮ್ಮೂರಿನ ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್, ಮೆಕ್ಯಾನಿಕಲ್ ಕೂಡ. 1951ರಿಂದ ಇರುವ, ವಿಶ್ವೇಶ್ವರಯ್ಯ ತಾಂತ್ರಿಕ ವಿವಿಗೇ ಸೇರಿದ ಕಾಲೇಜು ಮನೆ ಪಕ್ಕದಲ್ಲಿದೆ. ಮನೆ ಪಕ್ಕದಲ್ಲಿದೆ ಅಂತಲೇ ನಮ್ಮ ಮಕ್ಕಳಿಗೆ ಅದು ಕಣ್ಣಿಗೆ ಬೀಳುವುದಿಲ್ಲ. ಅಣಕು ಹಂಚಿಕೆ ಬಂದಾಗ ಏನು ಸಿಕ್ಕರೂ ಹೆದರಬೇಡಿ, ಅದು ಬರೀ ರಿಹರ್ಸಲ್, ಪಟ್ಟಿ ತಿದ್ದಬಹುದು ಅಂದೆ. ನಿಜವಾದ ಸುತ್ತಿನಲ್ಲಿ ಸಿಕ್ಕಿದ್ದು ಪರವಾಗಿಲ್ಲ ಅನ್ನಿಸಿದರೆ ಚಾಯ್ಸ್ 2 ಒತ್ತಿ. ಈ ಸೀಟು ಕೈಯಲ್ಲಿರುತ್ತದೆ, ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೂ ಅವಕಾಶ ಇರುತ್ತದೆ. ಬೇಜಾರಿನಲ್ಲಿ ಚಾಯ್ಸ್ 4 ಒತ್ತಿ ಪೂರ್ತಿ ಹೊರಗೆ ಬಂದ ಒಬ್ಬಳು ಹುಡುಗಿಯ ಕಥೆಯನ್ನೂ ಹೇಳಿದೆ.

ಹೊಸದಾಗಿ ಪಿಯು ಕಾಲೇಜು ಹುಡುಕುವವರಿಗೆ ಒಂದು ಮಾತು. ಇಂಥ ಕಾಲೇಜು ಬೇಡವೇ ಬೇಡ ಅಂತ ನಾನು ಹೇಳಲ್ಲ. ಪೈಪೋಟಿಯಲ್ಲಿ ಅರಳುವ ಮಕ್ಕಳೂ ಇದ್ದಾರೆ. ಆದರೆ ಅಡ್ಮಿಷನ್ ಕೌಂಟರ್‌ನಲ್ಲಿ ಟಾಪರ್‌ಗಳ ಪಟ್ಟಿ ಕೊಟ್ಟಾಗ ಅದನ್ನು ಮಡಚಿಟ್ಟು, “ನಿಮ್ಮ ಕೊನೇ ಸೆಕ್ಷನ್ ಮಕ್ಕಳಿಗೆ ಹೋದ ವರ್ಷ ಸಿಇಟಿ ರ‍್ಯಾಂಕ್ ಎಷ್ಟು ಬಂತು? ಅವರಿಗೆ ಪಾಠ ಮಾಡೋರು ಯಾರು?” ಅಂತ ಕೇಳಿ. ಉತ್ತರ ಕೊಡಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ ನೋಡಿ.

ಹುಡುಗ ಈಗ ಪೊನ್ನಂಪೇಟೆಯಲ್ಲಿದ್ದಾನೆ. ಎರಡನೇ ಸುತ್ತಿನಲ್ಲಿ ಸಿಕ್ಕಿತು. ಮೊನ್ನೆ ಅವರಪ್ಪ ಫೋನ್ ಮಾಡಿದ್ದರು. ಮಗಳು ಏಳನೇ ಕ್ಲಾಸ್ ಮುಗಿಸಿದ್ದಾಳೆ, ಅಣ್ಣನ ಹಾಗೆ ಅವಳನ್ನೂ ಎಂಟಕ್ಕೆ ದಾವಣಗೆರೆಗೆ ತರೋಣ ಅಂತಿದ್ದೀವಿ ಅಂದರು.

“ಊರಿನ ಸರಕಾರಿ ಶಾಲೆ ಅಲ್ವಾ? ಕನ್ನಡ ಮೀಡಿಯಂ?”

“ಹೌದು ಮೇಡಂ. ಹೈಸ್ಕೂಲೂ ಊರಲ್ಲೇ ಐತೆ.”

“ಹತ್ತರ ತನಕ ಅಲ್ಲೇ ಇರಲಿ. ಮುಗಿದ ದಿನ ಹತ್ತೂ ವರ್ಷದ ವ್ಯಾಸಂಗ ಪ್ರಮಾಣಪತ್ರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಸಹಿ ಹಾಕಿಸಿ ಇಟ್ಕೊಳ್ಳಿ,” ಅಂದೆ. ಆ ಕಡೆಯಿಂದ ಪೆನ್ನು ಹುಡುಕುವ ಸದ್ದು ಕೇಳಿಸಿತು.