ತೂಕದ ಮುಳ್ಳು ನಿಂತಲ್ಲೇ ನಿಂತಿದೆ, ಕೆರೆ ಸುತ್ತೋ ಹುಮ್ಮಸ್ಸೂ ನಿಂತಿದೆ

ಪ್ರಶ್ನೆ: ನನಗೆ 41 ವರ್ಷ, ತುಮಕೂರಿನವಳು. ಮೂರು ತಿಂಗಳ ಹಿಂದೆ 74 ಕೆ.ಜಿ. ಇದ್ದೆ. ಬೆಳಿಗ್ಗೆ ಅಮಾನಿಕೆರೆಯಲ್ಲಿ ವಾಕಿಂಗ್, ರಾತ್ರಿ ಅನ್ನ ಬಿಟ್ಟು ಮುದ್ದೆ. ಮೊದಲ ಎರಡು ತಿಂಗಳಲ್ಲಿ 5 ಕೆ.ಜಿ. ಇಳಿಯಿತು. ಈಗ ಐದು ವಾರದಿಂದ 69ರಲ್ಲೇ ಇದೆ, ಒಂದೊಂದು ದಿನ 70 ತೋರಿಸುತ್ತದೆ. ಅಲಾರಂ ಹೊಡೆದರೂ ಏಳಲು ಮನಸ್ಸಾಗುತ್ತಿಲ್ಲ. ಹುಮ್ಮಸ್ಸು ಉಳಿಸಿಕೊಳ್ಳುವುದು ಹೇಗೆ?

ಉತ್ತರ: ಇದೇ ಪ್ರಶ್ನೆಯನ್ನು ಕೋಲಾರದವರೂ ಕೇಳುತ್ತಾರೆ, ಚಿಕ್ಕಬಳ್ಳಾಪುರದವರೂ ಕೇಳುತ್ತಾರೆ. ಕೆರೆಯ ಬದಲು ಅಂತರಗಂಗೆಯ ಮೆಟ್ಟಿಲೋ ಊರಿನ ಮೈದಾನವೋ ಇರುತ್ತದೆ, ಅಷ್ಟೇ ವ್ಯತ್ಯಾಸ. ಕೇಳುವವರೆಲ್ಲ ತಮ್ಮ ಮನಸ್ಸಿನ ಮೇಲೆ ತಪ್ಪು ಹೊರಿಸಿಕೊಂಡಿರುತ್ತಾರೆ. ನಮ್ಮ ಅನುಮಾನ ಮೊದಲು ತಕ್ಕಡಿಯ ಮೇಲೆ.

ಒಂದು ಲೆಕ್ಕ ನೋಡಿ. ಒಂದು ಕೆ.ಜಿ. ಕೊಬ್ಬು ಕರಗಲು ಸುಮಾರು 7,700 ಕ್ಯಾಲರಿ ಕೊರತೆ ಬೇಕು, ಅಂದರೆ ತಿಂದದ್ದಕ್ಕಿಂತ ಅಷ್ಟು ಹೆಚ್ಚು ಖರ್ಚಾಗಬೇಕು. ಈಗ ನಿಮ್ಮ ಕೊರತೆ ದಿನಕ್ಕೆ 200 ಎಂದಿಟ್ಟುಕೊಂಡರೆ ವಾರಕ್ಕೆ ಕರಗುವುದು 180 ಗ್ರಾಂ. ಆದರೆ ಮೈಯಲ್ಲಿನ ನೀರು, ಉಪ್ಪು, ಹೊಟ್ಟೆಯಲ್ಲಿನ ಊಟದಿಂದ ತೂಕ ದಿನದಿಂದ ದಿನಕ್ಕೆ ಒಂದು, ಒಂದೂವರೆ ಕೆ.ಜಿ. ಹಿಂದೆ ಮುಂದೆ ಆಗುತ್ತಿರುತ್ತದೆ. ಐದು ವಾರದಲ್ಲಿ 900 ಗ್ರಾಂ ಕೊಬ್ಬು ನಿಜವಾಗಿಯೂ ಕರಗಿದ್ದರೂ ನೀವು ಹತ್ತಿದ ದಿನ ಅದು ನೀರಿನಡಿ ಮುಚ್ಚಿಹೋಗಿರಬಹುದು.

ಮೊದಲು ಬೇಗ ಇಳಿದದ್ದಕ್ಕೂ ನೀರೇ ಒಂದು ಕಾರಣ. ಊಟ ತಗ್ಗಿಸಿದಾಗ ದೇಹ ಮೊದಲು ಸ್ನಾಯು ಮತ್ತು ಪಿತ್ತಜನಕಾಂಗದಲ್ಲಿ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನನ್ನು ಬಳಸುತ್ತದೆ. ಅದರ ಒಂದೊಂದು ಗ್ರಾಂ ಸುಮಾರು 3 ಗ್ರಾಂ ನೀರನ್ನು ಹಿಡಿದುಕೊಂಡಿರುತ್ತದೆ, ಅದೂ ಜೊತೆಗೇ ಹೋಗುತ್ತದೆ. ನಿಮ್ಮ 5 ಕೆ.ಜಿ.ಯಲ್ಲಿ ಒಂದೂವರೆ ಕೆ.ಜಿ.ಯಷ್ಟು ಹೀಗೆ ಹೋಗಿದ್ದಿರಬಹುದು. ಆ ವೇಗವನ್ನೇ ಅಳತೆಗೋಲು ಮಾಡಿಕೊಂಡವರಿಗೆ ಮೂರನೇ ತಿಂಗಳಲ್ಲಿ ಬೇಸರ ಹಿಡಿಯುವುದು ಹೆಚ್ಚುಕಡಿಮೆ ಗ್ಯಾರಂಟಿ.

ಹೊಸತೊಡಕಿನ ಮಾರನೇ ದಿನ ತಕ್ಕಡಿ ಹತ್ತಿ ಗಾಬರಿಯಾಗುವವರೂ ಇದೇ ಗುಂಪು. ಒಂದೂವರೆ ಕೆ.ಜಿ. ಏರಿದ್ದು ಕೊಬ್ಬೇ ಆಗಿದ್ದರೆ, ಖರ್ಚಿಗಿಂತ 11,000 ಕ್ಯಾಲರಿಗೂ ಹೆಚ್ಚು ತಿಂದಿರಬೇಕು. ಯಾವ ಬಾಡೂಟದಲ್ಲೂ ಅಷ್ಟು ಆಗದು. ಉಪ್ಪು ಹಿಡಿದ ನೀರು ಮೂರ್ನಾಲ್ಕು ದಿನದಲ್ಲಿ ತಾನಾಗಿ ಇಳಿಯುತ್ತದೆ. ಅದನ್ನು ನೋಡಿ 'ಎಲ್ಲಾ ಹಾಳಾಯ್ತು' ಎಂದು ವಾಕಿಂಗ್ ಬಿಟ್ಟವರ ತೂಕ ಮಾತ್ರ ಇಳಿಯುವುದಿಲ್ಲ.

ಹಾಗಾಗಿ ತೂಕ ನೋಡುವ ಕ್ರಮ ಬದಲಿಸಿ. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ಕಾಫಿಗೂ ಮುಂಚೆ, ಒಂದೇ ಬಗೆಯ ಹಗುರ ಬಟ್ಟೆಯಲ್ಲಿ ಹತ್ತಿ. ತಕ್ಕಡಿ ಗಟ್ಟಿ ನೆಲದ ಮೇಲೆ ಒಂದೇ ಜಾಗದಲ್ಲಿರಲಿ. ಚಾಪೆ, ಕಾರ್ಪೆಟ್ ಮೇಲಿಟ್ಟರೆ ತಪ್ಪು ತೋರಿಸುತ್ತದೆ. ಒಂದು ದಿನ ಮನೆಯಲ್ಲಿ, ಇನ್ನೊಂದು ದಿನ ಮೆಡಿಕಲ್ ಸ್ಟೋರಿನ ಮೆಷಿನ್ ಮೇಲೆ ಚಪ್ಪಲಿ ಸಮೇತ ನೋಡಿದರೆ ಹೋಲಿಸಲು ಏನೂ ಉಳಿಯುವುದಿಲ್ಲ. ಏಳು ದಿನದ ಅಂಕಿ ಬರೆದು, ಕೂಡಿ, 7ರಿಂದ ಭಾಗಿಸಿ. ನಿಮ್ಮ ತೂಕ ಅಂದರೆ ಆ ಸರಾಸರಿ. ಮುಟ್ಟಿನ ಮುಂಚಿನ ವಾರ ನೀರು ಕಟ್ಟುವುದರಿಂದ, ಆ ವಾರವನ್ನು ಹಿಂದಿನ ತಿಂಗಳ ಅದೇ ವಾರದೊಂದಿಗೇ ಹೋಲಿಸಿ. ದಿನಾ ಅಂಕಿ ನೋಡಿದರೆ ತಲೆ ಕೆಡುತ್ತದೆ ಅನ್ನುವವರು ತಕ್ಕಡಿಯನ್ನು ಮಂಚದಡಿ ತಳ್ಳಿ ಟೇಪು ಹಿಡಿಯಲಿ.

ಟೇಪು, ಅಂದರೆ ದರ್ಜಿಯ ಅಳತೆ ಟೇಪು. ಪಕ್ಕೆಲುಬಿನ ಕೊನೆಗೂ ಸೊಂಟದ ಮೂಳೆಯ ತುದಿಗೂ ನಡುವೆ ಸುತ್ತಿ, ಉಸಿರು ಸಹಜವಾಗಿ ಬಿಟ್ಟು, ಹೊಟ್ಟೆ ಒಳಗೆಳೆಯದೆ ನೋಡಿ. ಹದಿನೈದು ದಿನಕ್ಕೊಮ್ಮೆ ಸಾಕು. ಭಾರತೀಯ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ಸೆಂ.ಮೀ. ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆಯ ಅಪಾಯ ಹೆಚ್ಚು. ತೂಕ ನಿಂತು ಸೊಂಟ 2 ಸೆಂ.ಮೀ. ಇಳಿದಿದ್ದರೆ ನೀವು ನಿಂತಿಲ್ಲ. ಇನ್ನೊಂದು ಪರೀಕ್ಷೆ: ಕೈ ಎದೆಗೆ ಕಟ್ಟಿಕೊಂಡು ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರುತ್ತೀರಿ ಎಂದು ತಿಂಗಳಿಗೊಮ್ಮೆ ಎಣಿಸಿ. ಈ ಎಣಿಕೆ ಏರುವುದು ಕಣ್ಣಿಗೆ ಕಾಣುತ್ತದೆ. ಅಲಾರಂಗಿಂತ ಚೆನ್ನಾಗಿ ಎಬ್ಬಿಸುತ್ತದೆ.

ಹಾಗಂತ ತಡೆ ಎಲ್ಲಾ ಭ್ರಮೆಯಲ್ಲ. 5 ಕೆ.ಜಿ. ಇಳಿದ ದೇಹಕ್ಕೆ ದಿನಕ್ಕೆ 80ರಿಂದ 100 ಕ್ಯಾಲರಿ ಕಡಿಮೆ ಸಾಕು. ಹೊರುವ ಭಾರ ಕಡಿಮೆಯಾಗಿದೆ, ನಡಿಗೆಗೂ ಖರ್ಚು ಕಡಿಮೆ. ಜೊತೆಗೆ ಗೊತ್ತಿಲ್ಲದೆಯೇ ದಿನವಿಡೀ ಓಡಾಟ ತಗ್ಗುತ್ತದೆ. ಬೆಳಿಗ್ಗೆ ಕೆರೆ ಸುತ್ತಿದ್ದಾಯ್ತಲ್ಲ ಎಂದು ಎದುರಿನ ಅಂಗಡಿಗೂ ಸ್ಕೂಟಿ ತೆಗೆಯುವವರನ್ನು ನೋಡಿಲ್ಲವೇ? ಆ 100 ಕ್ಯಾಲರಿಯನ್ನು ಅಡುಗೆಮನೆಯಲ್ಲಿ ಹುಡುಕಬೇಕು, ಅದಕ್ಕೆ ಉಪವಾಸ ಬೇಡ.

ಎಣ್ಣೆಯಿಂದ ಶುರು ಮಾಡಿ. ಪ್ಯಾಕೆಟ್ ಕತ್ತರಿಸಿದ ದಿನ ಅದರ ಮೇಲೆ ಪೆನ್ನಿನಲ್ಲಿ ತಾರೀಖು ಬರೆಯಿರಿ. ನಾಲ್ಕು ಜನರ ಮನೆಗೆ ತಿಂಗಳಿಗೆ 3 ಲೀಟರ್ ಆಗುತ್ತಿದ್ದರೆ ತಲೆಗೆ ದಿನಕ್ಕೆ 25 ಮಿ.ಲೀ., ಅಂದರೆ 200 ಕ್ಯಾಲರಿ ಬರೀ ಎಣ್ಣೆಯದು. ಅದನ್ನು 2 ಲೀಟರಿಗೆ ತಂದರೆ ತಲೆಗೆ ಸುಮಾರು 70 ಉಳಿಯಿತು, ತಟ್ಟೆಯಲ್ಲಿ ಏನೂ ಕಡಿಮೆಯಾಗಲಿಲ್ಲ. ನಮ್ಮ ಸೀಮೆಯಲ್ಲಿ ಕಾಯಿ ಧಾರಾಳ, ಅದನ್ನೂ ಗಮನಿಸಿ: 30 ಗ್ರಾಂ ಹಸಿ ಕಾಯಿತುರಿಗೆ ನೂರು ಕ್ಯಾಲರಿ. ವಾಕಿಂಗ್ ಮುಗಿಸಿ ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿಗೆ ಹೋಗುವ ಭಾನುವಾರ ನಮ್ಮ ತಕರಾರಿಲ್ಲ. ದಿನಾ ಬೆಣ್ಣೆ ಸಮೇತ ಆದರೆ ಇದೆ.

ಮುದ್ದೆಯ ಬಗ್ಗೆ ಒಂದು ಮಾತು, ಏಕೆಂದರೆ ಇಲ್ಲಿಯೇ ಹೆಚ್ಚು ಜನ ಎಡವುತ್ತಾರೆ. 'ರಾಗಿ ತಿಂದರೆ ಸಣ್ಣಗಾಗುತ್ತಾರೆ' ಅನ್ನುವುದು ಅರ್ಧ ಸತ್ಯ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 320 ಕ್ಯಾಲರಿ ಇದೆ, ಅಕ್ಕಿಗಿಂತ ಬಹಳ ಕಡಿಮೆಯೇನಲ್ಲ. ಲಾಭ ಇರುವುದು ನಾರಿನಲ್ಲಿ. ಆದರೆ ಮುದ್ದೆಯನ್ನು ಅಗಿಯುವುದಿಲ್ಲ, ನುಂಗುತ್ತೇವೆ. ಹೊಟ್ಟೆ ತುಂಬಿದ್ದು ಮಿದುಳಿಗೆ ತಿಳಿಯಲು 20 ನಿಮಿಷ ಬೇಕು, ಅಷ್ಟರಲ್ಲಿ ಎರಡನೇ ಮುದ್ದೆ ಇಳಿದಿರುತ್ತದೆ. ಹಿಟ್ಟನ್ನು ಒಮ್ಮೆ ತೂಗಿ ನೋಡಿ, ರಾತ್ರಿಗೆ 60-70 ಗ್ರಾಂ ಹಿಟ್ಟಿನ ಒಂದು ಮುದ್ದೆ ಸಾಕು. ಬಸ್ಸಾರಿನ ಪಲ್ಯವನ್ನು, ಸೊಪ್ಪು ಕಾಳು ಎರಡನ್ನೂ, ಮೊದಲು ಅಗಿದು ತಿಂದು ಆಮೇಲೆ ಮುದ್ದೆಗೆ ಕೈ ಹಾಕಿ. 30 ಗ್ರಾಂ ಹುರುಳಿಕಾಳಿನಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, ಒಂದು ಮೊಟ್ಟೆಯಲ್ಲೂ ಅಷ್ಟೇ. ಪ್ರೋಟೀನ್ ಕಡಿಮೆಯಾದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗಿ, ಮೈ ಸಪ್ಪೆಯಾಗಿ, ಬೆಳಿಗ್ಗೆ ಏಳಲಾಗದ ಆಯಾಸ ಬರುತ್ತದೆ. ಅದನ್ನೇ ಸೋಮಾರಿತನ ಅಂದುಕೊಳ್ಳುತ್ತಾರೆ. ವಾರಕ್ಕೆ ಎರಡು ದಿನ ಸ್ನಾಯುವಿಗೂ ಕೆಲಸ ಕೊಡಿ: ಕುರ್ಚಿಯಿಂದ ಎದ್ದು ಕೂರುವುದು 10ರಂತೆ ಮೂರು ಸಲ, ಗೋಡೆಗೆ ಕೈಯೂರಿ ಪುಷ್‌ಅಪ್ 10ರಂತೆ ಮೂರು ಸಲ, 5 ಲೀಟರಿನ ಎಣ್ಣೆ ಕ್ಯಾನಿಗೆ ನೀರು ತುಂಬಿ ಒಂದೊಂದೇ ಕೈಯಲ್ಲಿ ಸೊಂಟದವರೆಗೆ ಎಳೆಯುವುದು. ಕುಡಿಯುವ ನೀರಿನ 20 ಲೀಟರ್ ಕ್ಯಾನಿನಿಂದ ಶುರು ಮಾಡಬೇಡಿ, ಬೆನ್ನು ಹಿಡಿದರೆ ಹದಿನೈದು ದಿನ ಹಾಸಿಗೆ.

ಇನ್ನು ಅಲಾರಂ. ಹುಮ್ಮಸ್ಸು ಬಂದ ಮೇಲೆ ಏಳೋಣ ಅಂದರೆ ಅದು ಬರುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ, ಒಂದು ಹೊಸ ಕೆಲಸ ಯೋಚಿಸದೆ ಆಗುವಂತಾಗಲು ಸರಾಸರಿ 66 ದಿನ ಹಿಡಿಯಿತು; ಕೆಲವರಿಗೆ 18, ಕೆಲವರಿಗೆ 254 ಎಂಬ ಅಂದಾಜು. '21 ದಿನದಲ್ಲಿ ಅಭ್ಯಾಸ' ಎನ್ನುವ ವಾಟ್ಸಾಪ್ ಮಾತನ್ನು ನಂಬಿದವರು 22ನೇ ದಿನ ತಮ್ಮನ್ನೇ ಬೈದುಕೊಳ್ಳುತ್ತಾರೆ. ಅದೇ ಅಧ್ಯಯನ ಕಂಡ ಇನ್ನೊಂದು ಸಂಗತಿ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೆಡಲಿಲ್ಲ. ಆದ್ದರಿಂದ ಒಂದು ದಿನ ತಪ್ಪಲಿ, ಎರಡನೇ ದಿನ ತಪ್ಪಬಾರದು ಎಂದಿಟ್ಟುಕೊಳ್ಳಿ. ಮಳೆ, ನೆಂಟರು, ಮಕ್ಕಳ ಪರೀಕ್ಷೆ ಬಂದ ದಿನಕ್ಕೆ ಒಂದು ಬಡ ಪಟ್ಟಿ ಇರಲಿ: ಮನೆಯಲ್ಲೇ 10 ನಿಮಿಷ ನಡಿಗೆ, ಅಷ್ಟೇ. ಅದಕ್ಕೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಬಟ್ಟೆ, ಶೂ ರಾತ್ರಿಯೇ ಬಾಗಿಲ ಬಳಿ ಇಡಿ. ಜೊತೆಗಾರರು ಬೇಕೆಂದರೆ ನಿಮ್ಮ ಬೀದಿಯವರನ್ನೇ ಹಿಡಿಯಿರಿ. ಗೇಟಿನ ಮುಂದೆ ನಿಂತು 'ಬಂದ್ರಾ ಅಕ್ಕಾ' ಎಂದು ಕೂಗುವವರಿಂದ ತಪ್ಪಿಸಿಕೊಳ್ಳುವುದು ಕಷ್ಟ, ಊರಾಚೆಯ ಗೆಳತಿಯ ಮೆಸೇಜಿನಿಂದ ಸುಲಭ.

ಹೀಗೆ ಎಂಟು ವಾರ ಮಾಡಿಯೂ ಸರಾಸರಿ, ಸೊಂಟ ಎರಡೂ ಅಲ್ಲಾಡದಿದ್ದರೆ, ಅಥವಾ ವಿಪರೀತ ಸುಸ್ತು, ಕೂದಲು ಉದುರುವುದು, ಚಳಿ ತಡೆಯಲಾಗದಿರುವುದು, ಮುಟ್ಟು ಏರುಪೇರು ಇದ್ದರೆ, ವೈದ್ಯರ ಬಳಿ ಹೋಗಿ ಥೈರಾಯ್ಡಿನ ಟಿಎಸ್‌ಎಚ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಕೇಳಿ. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಮಾತ್ರ ಎಂಟು ವಾರ ಕಾಯಬೇಡಿ: ಊಟ ತಗ್ಗಿಸುವ ಮೊದಲೇ ಡೋಸ್ ಬಗ್ಗೆ ವೈದ್ಯರನ್ನು ಕೇಳಿ, ವಾಕಿಂಗಿಗೆ ಹೋಗುವಾಗ, ರಕ್ತದ ಸಕ್ಕರೆ ತೀರಾ ಇಳಿದರೆ ತಿನ್ನಲು, ಜೇಬಿನಲ್ಲಿ ನಾಲ್ಕು ಚಮಚ ಸಕ್ಕರೆಯ ಪೊಟ್ಟಣ ಇಟ್ಟುಕೊಳ್ಳಿ.